ಅಕ್ಕುವಿನ ಪಾಸ್‌ಪೋರ್ಟ್ ಬಿಡುಗಡೆ ಕೋರಿ

ಇಂದ,
ಪುರುಷೋತ್ತಮ ಕೋಟ್ಯಾನ್,
ತಮ್ಮ ತಂಗಿ ಅಕ್ಕುವಿನ ಗಂಡ,
ಟೂಂಗಾಬಿ, ಸಿಡ್ನಿ.

ಗೆ,
ಶ್ರೀ ಧನರಾಜ್ ಸುವರ್ಣ,
ಸ್ಥಾಪಕರು, ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಸಭೆಯಲ್ಲಿ ಮಾತಾಡುವ ಏಕೈಕ ಸದಸ್ಯರು,
ಬೆಲ್ಜಿಯಂ ಕೌಟುಂಬಿಕ ವಸಂತ ಪ್ರವಾಸ ಸಮಿತಿ,
ಡ್ಯಾಂಡೆನಾಂಗ್, ಮೆಲ್ಬರ್ನ್.

ದಿನಾಂಕ: 24-04-2008

ವಿಷಯ: ತಮ್ಮ ದೇವರ ಕೋಣೆಯ ಕಪಾಟಿನಲ್ಲಿ ಬಂಧನದಲ್ಲಿರುವ ಪಾಸ್‌ಪೋರ್ಟುಗಳ ಪೈಕಿ ನನ್ನ ಹೆಂಡತಿಯದನ್ನು ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: 1) ಕಳೆದ ಭಾನುವಾರ ಫೋನಿನಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ: "ಎಂತ ಇದ್ರೂ ಬರೆದು ಕೊಡು ಮಾರಾಯ, ಬಾಯಲ್ಲಿ ಹೇಳಿದ್ದು ನನಗೆ ನೆನಪಿರುದಿಲ್ಲ."
2) ಅದಕ್ಕೂ ಹಿಂದಿನ ಭಾನುವಾರ ನಾನು ಬಾಯಲ್ಲಿ ಹೇಳಿದ್ದು ಮತ್ತು ತಮಗೆ ನೆನಪಿರದದ್ದು.

ಮಾನ್ಯ ಭಾವನವರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಕೌನ್ಸಿಲ್ ಕಚೇರಿಯಲ್ಲಿ ಹಿತ್ತಲ ಶೆಡ್ಡುಗಳಿಗೆ ಪರವಾನಗಿ ಕೊಡುವ ವಿಭಾಗದಲ್ಲಿರುವವರು. ತಮ್ಮ ಮುಂದೆ ಅರ್ಜಿ ಬಾರದೆ ಡ್ಯಾಂಡೆನಾಂಗಿನಲ್ಲಿ ಒಂದು ಕೋಳಿಗೂಡೂ ತಲೆಯೆತ್ತುವಂತಿಲ್ಲ ಎಂಬುದನ್ನು ತಾವೇ ಪ್ರತಿ ಊಟದಲ್ಲೂ ತಿಳಿಸಿರುತ್ತೀರಿ. ಆದ್ದರಿಂದ ಮನೆಯ ಮಾತನ್ನೂ ತಮ್ಮ ಕಚೇರಿಯ ಧಾಟಿಯಲ್ಲೇ ಬರೆದಿದ್ದೇನೆ. ನಾವು ತುಳುವಿನಲ್ಲಿ ಆಡಿದ ಮಾತುಗಳನ್ನು ಕಡತದ ಮರ್ಯಾದೆಗಾಗಿ ಕನ್ನಡಕ್ಕೆ ತರಲಾಗಿದೆ. ಬೈಗುಳಗಳನ್ನು ತರಲಾಗಿಲ್ಲ.

1. ಈ ಪ್ರವಾಸ ಯಾರಿಂದ ಹುಟ್ಟಿತೆಂಬುದು ಸಮಿತಿಗೆ ಮರೆತುಹೋಗಿರುವ ಕಾರಣ ಮೊದಲು ಅದನ್ನೇ ದಾಖಲಿಸುತ್ತೇನೆ. ಅಕ್ಕು ಉಡುಪಿ ಕಡೆಯ ಕಾನ್ವೆಂಟ್ ಶಾಲೆಯಲ್ಲಿ ಓದುತ್ತಿದ್ದಾಗ ಹೊಲಿಗೆ ಕ್ಲಾಸಿಗೆ ಸಿಸ್ಟರ್ ಗೋಡಲೀವ್ ಎಂಬ ಬೆಲ್ಜಿಯಂ ದೇಶದ ಸನ್ಯಾಸಿನಿ ಇದ್ದರು. ಅವರ ಊರು ಬ್ರೂಜ್. ಕಾಲುವೆಗಳ, ಗಂಟೆಗೋಪುರದ, ಲೇಸ್ ಹೆಣೆಯುವವರ ಹಳೇ ಪಟ್ಟಣ. ಗಟ್ಟಿ ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಮರದ ಸಣ್ಣ ಕಡ್ಡಿಗಳಿಗೆ ನೂಲು ಸುತ್ತಿ, ಅದನ್ನು ಅತ್ತ ಇತ್ತ ದಾಟಿಸುತ್ತಾ ಹೆಣೆಯುವ ವಿದ್ಯೆಯನ್ನು ಅವರು ಅಕ್ಕುವಿಗೆ ಕಲಿಸಿದರು. ಒಂದು ಚೌಕದ ಕರವಸ್ತ್ರಕ್ಕೆ ಸುತ್ತಲೂ ಲೇಸ್. ಮೂರು ಮೂಲೆ ಮುಗಿಯಿತು. ಅಷ್ಟರಲ್ಲಿ ಮೇಲಿನವರು ಸಿಸ್ಟರನ್ನು ಊರಿಗೆ ವಾಪಸು ಕರೆಸಿಕೊಂಡರು. ನಾಲ್ಕನೇ ಮೂಲೆ ಹಾಗೇ ಉಳಿಯಿತು.

2. ಆ ಲೇಸು ನಮ್ಮ ಮದುವೆಯ ಪೆಟ್ಟಿಗೆಯಲ್ಲಿ ಬಂತು, ಆಸ್ಟ್ರೇಲಿಯಾಕ್ಕೂ ಬಂತು. ತಮ್ಮ ಲೌಂಜಿನಲ್ಲಿ ನಾವು ಹಾಸಿಗೆ ಹಾಸಿಕೊಂಡು ಮಲಗಿದ್ದ ಮೊದಲ ವರ್ಷ ತಮ್ಮ ಟೀವಿಯ ಹಿಂದಿನ ಸೂಟ್‌ಕೇಸಿನಲ್ಲೂ ಅದು ಇತ್ತು. "ಒಂದು ಮೂಲೆ ತಾನೇ, ನೀನೇ ಮುಗಿಸು" ಎಂದು ನಾನೊಮ್ಮೆ ಹೇಳಿದ್ದಕ್ಕೆ ಅಕ್ಕು ಇಡೀ ದಿನ ನನ್ನೊಂದಿಗೆ ಮಾತಾಡಲಿಲ್ಲ. ಆಮೇಲೆ ನಾನು ಆ ಸುದ್ದಿಗೆ ಹೋಗಿಲ್ಲ.

3. ಪ್ರತಿ ಕ್ರಿಸ್‌ಮಸ್ಸಿಗೆ ಅಕ್ಕು ಫೋನ್ ಕಾರ್ಡ್ ತಂದು ಬ್ರೂಜಿನ ವೃದ್ಧಾಶ್ರಮಕ್ಕೆ ಫೋನ್ ಮಾಡುವುದು ರೂಢಿ. ಸಿಸ್ಟರಿಗೆ ಈಗ ತೊಂಬತ್ತರ ಹತ್ತಿರ. ಕಣ್ಣು ಅರ್ಧ, ಕಿವಿ ಅರ್ಧ, ತುಳು ಮಾತ್ರ ಪೂರ್ತಿ. ಕಳೆದ ಕ್ರಿಸ್‌ಮಸ್ಸಿಗೆ ಅವರು ಹೇಳಿದ್ದು ಇಷ್ಟು: "ಅಕ್ಕೂ, ವಸಂತಕ್ಕೆ ಒಮ್ಮೆ ಬಾ ಮಗಾ. ಚಳಿಗೆ ಇವರು ನನ್ನನ್ನು ಹೊರಗೆ ಬಿಡುದಿಲ್ಲ. ವಸಂತಕ್ಕೆ ತೋಟದಲ್ಲಿ ಬೆಳಕು ಒಳ್ಳೆದಿರ್ತದೆ, ಆ ಮೂಲೆ ತೋರಿಸ್ತೇನೆ."

4. ಹೊಸ ವರ್ಷದ ಊಟಕ್ಕೆ ಮೆಲ್ಬರ್ನಿಗೆ ಬಂದಾಗ ಅಕ್ಕು ಈ ಮಾತನ್ನು ತಮ್ಮ ಮುಂದೆ ಆಡಿದಳು. ಅದೇ ತಪ್ಪಾಯಿತು. ತಾವು ಕೋರಿರೊಟ್ಟಿಯ ಕೈಯನ್ನೂ ತೊಳೆಯದೆ ಎದ್ದು ನಿಂತು, "ಹೋಗುವುದಾದರೆ ಎಲ್ಲರೂ ಹೋಗುವ! ಫ್ಯಾಮಿಲಿ ಟ್ರಿಪ್! ನಾನು ಪ್ಲಾನ್ ಮಾಡ್ತೇನೆ" ಎಂದಿರಿ. ಅಲ್ಲಿಗೆ ಸಮಿತಿ ರಚನೆಯಾಯಿತು. ಮತದಾನ ನಡೆದ ಬಗ್ಗೆ ನನ್ನಲ್ಲಿ ದಾಖಲೆ ಇಲ್ಲ.

5. ತದನಂತರ ಪ್ರತಿ ಭಾನುವಾರ ಸ್ಪೀಕರ್ ಫೋನಿನಲ್ಲಿ ಸಭೆಗಳು ನಡೆದವು. ರೈಸ್ ಕುಕ್ಕರ್ ಒಂದು ಸಾಕೇ, ಎರಡು ಬೇಕೇ ಎಂಬ ವಿಷಯಕ್ಕೇ ಫೆಬ್ರವರಿ ಮುಗಿಯಿತು. ಅವಲಕ್ಕಿ ಹೊರುವವರು ಯಾರು, ಉಪ್ಪಿನಕಾಯಿಯ ಬಾಟ್ಲಿ ಯಾರ ಬಟ್ಟೆಯ ನಡುವೆ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಮಾರ್ಚ್. ಈ ನಡುವೆ ತಮ್ಮ ಪಕ್ಕದ ಮನೆಯ ಹುಬ್ಬಳ್ಳಿಯ ಅಡಿವೆಪ್ಪನವರು ಸಂಸಾರ ಸಮೇತ ಪ್ರವಾಸಕ್ಕೆ ಸೇರಿಕೊಂಡರು. "ಅಲ್ರೀ ಅಣ್ಣಾರ, ಅಷ್ಟ್ ದೂರ ಹೋಗಿ ಪ್ಯಾರಿಸ್ ನೋಡ್ಲಿಲ್ಲಂದ್ರ ಮಂದಿ ಏನಂತಾರ?" ಎಂದು ಅವರು ಕೇಳಿದ್ದೇ ತಡ, ಪ್ಯಾರಿಸ್ ಸೇರಿತು. ಪ್ಯಾರಿಸ್ ಸೇರಿದ್ದಕ್ಕೆ ಆಮ್‌ಸ್ಟರ್‌ಡ್ಯಾಮ್ ಮುನಿಸಿಕೊಂಡೀತೆಂದು ಅದೂ ಸೇರಿತು.

ಈಗ ತಮ್ಮ ಎಕ್ಸೆಲ್ ಹಾಳೆಯಲ್ಲಿ ಬೆಲ್ಜಿಯಂ ಭಾಗ ಹೀಗಿರುತ್ತದೆ. ಬ್ರಸೆಲ್ಸ್: ಉಚ್ಚೆ ಹೊಯ್ಯುವ ಹುಡುಗನ ಪ್ರತಿಮೆ, ಗ್ರೂಪ್ ಫೋಟೋ. ಆಂಟ್ವರ್ಪ್: ವಜ್ರದ ಅಂಗಡಿ, ಹೊರಗಿನಿಂದ, ಗುಜರಾತಿ ಊಟ, ಒಳಗೆ. ಗೆಂಟ್: ಕೋಟೆ, ಬಸ್ಸಿನಿಂದ. ಕೊನೆಯ ಸಾಲು: "ಟಾಯ್ಲೆಟ್ ಮತ್ತು ಬ್ರೂಜ್, ಮುಕ್ಕಾಲು ಗಂಟೆ." ಅಯ್ಯೋ ಭಾವ, ಯಾವ ಊರಿಗಾಗಿ ಹೊರಟೆವೋ ಆ ಊರು ಟಾಯ್ಲೆಟ್ಟಿನ ಹಿಂದೆ ಕ್ಯೂ ನಿಂತಿದೆ.

6. ಇನ್ನು ಕಾಲದ ವಿಷಯ. ಸಿಸ್ಟರ್ ವಸಂತ ಎಂದರು. ತಾವು ತಕ್ಷಣ ಕ್ಯಾಲೆಂಡರ್ ನೋಡಿ, ಸ್ಕೂಲ್ ರಜೆ ನೋಡಿ, ಸೆಪ್ಟೆಂಬರ್ ಕೊನೆ ಎಂದು ಬುಕ್ ಮಾಡಿದಿರಿ. ನ್ಯಾಯವಾಗಿ ಹೇಳಬೇಕೆಂದರೆ ನಮಗೆ ಯಾರಿಗೂ ಅನುಮಾನ ಬರಲಿಲ್ಲ. ಟೂಂಗಾಬಿಯ ನಮ್ಮ ಹಿತ್ತಲಲ್ಲಿ ಮಲ್ಲಿಗೆ ಬಿಡುವುದು ಸೆಪ್ಟೆಂಬರಿಗೆ. ಕ್ಯಾನ್‌ಬೆರಾದ ಹೂವಿನ ಹಬ್ಬ ಸೆಪ್ಟೆಂಬರಿಗೆ. ಇಷ್ಟು ವರ್ಷ ಇಲ್ಲಿದ್ದು ನಮ್ಮ ಮಟ್ಟಿಗೆ ಇಡೀ ಭೂಮಿಗೆ ವಸಂತ ಬರುವುದು ಸೆಪ್ಟೆಂಬರಿಗೇ. ಸಮಿತಿಯಲ್ಲಿ ನಾಲ್ವರು ಎಂಜಿನಿಯರುಗಳಿದ್ದಾಗ್ಯೂ, ಭೂಮಿಯ ಆಚೆ ಅರ್ಧದಲ್ಲಿ ಕಾಲ ತಿರುಗುಮುರುಗು ಎಂಬುದು ಯಾರಿಗೂ ಹೊಳೆಯಲಿಲ್ಲ. ತಮ್ಮ ಧರ್ಮಪತ್ನಿ ವಿಜಯಾ ಅತ್ತಿಗೆ ವಸಂತಕ್ಕೆಂದು ಹೂವಿನ ಟೋಪಿಗಳನ್ನೂ ತಂದಿಟ್ಟಿದ್ದಾರೆ.

7. ಎರಡು ವಾರದ ಹಿಂದೆ ನಮ್ಮ ಮನೆಗೆ ಫೋನ್ ಬಂತು. ಇಷ್ಟು ವರ್ಷದಲ್ಲಿ ಸಿಸ್ಟರ್ ತಾವಾಗಿ ಫೋನ್ ಮಾಡಿದ್ದು ಅದೇ ಮೊದಲು. ಆಶ್ರಮದ ನರ್ಸು ನಂಬರ್ ಒತ್ತಿಕೊಟ್ಟಿದ್ದಳಂತೆ.

"ಎಲ್ಲಿದ್ದಿ ಮಗಾ? ತೋಟದಲ್ಲಿ ಎರಡು ಕುರ್ಚಿ ಹಾಕಿಸಿದ್ದೇನೆ. ಹೂ ಎಲ್ಲ ಬಂತು."

"ವಸಂತಕ್ಕೆ ಬರ್ತೇನಲ್ಲ ಸಿಸ್ಟರ್. ಸೆಪ್ಟೆಂಬರಿಗೆ."

ಆ ಕಡೆ ಮುದುಕಿ ನಕ್ಕರು. "ಸೆಪ್ಟೆಂಬರಿಗೆ ಇಲ್ಲಿ ಎಲೆ ಉದುರ್ಲಿಕ್ಕೆ ಶುರು ಮಗಾ. ನಾನೂ ಅದರ ಒಟ್ಟಿಗೇ ಉದುರ್ತೇನೋ ಏನೋ. ಅಡ್ಡಿಲ್ಲ. ಆದಾಗ ಬಾ."

ಅಕ್ಕು ಫೋನ್ ಇಟ್ಟು ಅಡುಗೆ ಮನೆಗೆ ಹೋದಳು. ನಮ್ಮ ಮಗಳು ಭವ್ಯಶ್ರೀ ಹೋಮ್‌ವರ್ಕಿನಿಂದ ತಲೆಯೆತ್ತಿ ಹೇಳಿದ್ದು: "ಡ್ಯಾಡ್, ಹೆಲೋ? ನಾರ್ದರ್ನ್ ಹೆಮಿಸ್ಫಿಯರ್? ಆಂಡ್ ಯೂ ಗೈಸ್ ಆರ್ ಎಂಜಿನಿಯರ್ಸ್?" ಅಡುಗೆ ಮನೆಯಲ್ಲಿ ನಲ್ಲಿ ಬಿಟ್ಟದ್ದು ಬಿಟ್ಟ ಹಾಗೇ ಹರಿಯುತ್ತಿತ್ತು. ಪಾತ್ರೆ ತೊಳೆಯುವ ಸದ್ದು ಮಾತ್ರ ಇರಲಿಲ್ಲ.

8. ಕಾರಣ, ನಾನು ತಮಗೆ ಫೋನಾಯಿಸಿ, ಅಕ್ಕು ಒಬ್ಬಳೇ ಮೇ ತಿಂಗಳಲ್ಲಿ ಹೋಗಿಬರಲಿ, ಅಲ್ಲಿ ವಸಂತ ಮುಗಿಯಲು ಇನ್ನೂ ಸಮಯವಿದೆ, ಪಾಸ್‌ಪೋರ್ಟ್ ಕಳಿಸಿದರೆ ಇಲ್ಲಿಂದಲೇ ವೀಸಾಕ್ಕೆ ಹಾಕುತ್ತೇನೆ ಎಂದು ಕೇಳಿಕೊಂಡೆ. ಈಸ್ಟರಿನಲ್ಲಿ "ವೀಸಾಕ್ಕೆ ಎಲ್ಲರದ್ದೂ ಒಟ್ಟಿಗೇ ಹಾಕುವ" ಎಂದು ತಾವು ಎಲ್ಲರ ಪಾಸ್‌ಪೋರ್ಟ್ ಕಸಿದು ದೇವರ ಕೋಣೆಯಲ್ಲಿಟ್ಟು ಬೀಗ ಹಾಕಿದ್ದೀರಿ. ಅಡಿವೆಪ್ಪನವರ ಪಾಸ್‌ಪೋರ್ಟ್ ಇನ್ನೂ ರಿನ್ಯೂ ಆಗದ ಕಾರಣ ಯಾರದ್ದೂ ಹೋಗಿಲ್ಲ. ದಿನಾ ಊದುಬತ್ತಿ ಮಾತ್ರ ಸಲ್ಲುತ್ತಿದೆ.

ಅದಕ್ಕೆ ತಮ್ಮ ಉತ್ತರ: "ಗ್ರೂಪ್ ಅಂದ್ರೆ ಗ್ರೂಪ್ ಪುರುಷೋತ್ತಮ. ಒಬ್ಬಳು ಮುಂಚೆ ನೋಡಿಕೊಂಡು ಬಂದ್ರೆ ಉಳಿದವರಿಗೆ ಎಂತ ಮಜಾ? ಐದು ತಿಂಗಳು ಎಂತ ಮಹಾ, ಆ ಸಿಸ್ಟರ್ ಕಾಯ್ಲಿ."

ಭಾವ, ತಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಅದೇ ಮೊದಲು. ಇದು ಅರ್ಜಿಯ ಭಾಗವಲ್ಲವಾದರೂ ಕಡತದಲ್ಲಿರಲಿ.

9. ಈಗ ಬರೆಯುವ ಸಂಗತಿ ಯಾವ ಸಭೆಯಲ್ಲೂ ಪ್ರಸ್ತಾಪವಾಗಿಲ್ಲ. ಅಕ್ಕುವೂ ಹೇಳುವವಳಲ್ಲ. ತಮ್ಮ ಅಮ್ಮ ತೀರಿಕೊಂಡ ವರ್ಷ ತಾವು ಬೊಂಬಾಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದಿರಿ. ತಿಂಗಳು ತಿಂಗಳು ಹಣ ಕಳಿಸಿ ತಂಗಿಯನ್ನು ಓದಿಸಿದ್ದು ತಾವೇ. ಅದನ್ನು ಅವಳು ಒಂದು ದಿನವೂ ಮರೆತಿಲ್ಲ. ಆದರೆ ಆ ವರ್ಷ ಶಾಲೆ ಬಿಟ್ಟ ಮೇಲೆ ಅವಳಿಗೆ ಖಾಲಿ ಮನೆಗೆ ಹೋಗಲು ಹೆದರಿಕೆಯಾಗುತ್ತಿತ್ತು. ಕತ್ತಲಾಗುವವರೆಗೆ ಹೊಲಿಗೆ ಕೋಣೆಯಲ್ಲಿ ಕೂರಿಸಿಕೊಂಡು, ಜಡೆ ಹಾಕಿ, ಬನ್ನು ತಿನ್ನಿಸಿ, ಅಳು ಬಂದಾಗ ಕೈಗೆ ನೂಲಿನ ಕಡ್ಡಿ ಕೊಟ್ಟು "ಇದನ್ನು ದಾಟಿಸು, ಆಮೇಲೆ ಅಳು" ಎನ್ನುತ್ತಿದ್ದವರು ಆ ಸಿಸ್ಟರ್. ಆ ಮೂರು ಮೂಲೆಗಳು ಹಾಗೆ ಆದದ್ದು. ತಾವು ಅವಳಿಗೆ ಅಪ್ಪನ ಸ್ಥಾನದಲ್ಲಿದ್ದೀರಿ ಎಂದು ಎಲ್ಲರಿಗೂ ಹೇಳುತ್ತೀರಿ, ನಿಜ. ಇನ್ನೊಂದು ಸ್ಥಾನದಲ್ಲಿ ಇದ್ದವರು ಬ್ರೂಜಿನ ತೋಟದಲ್ಲಿ ಖಾಲಿ ಕುರ್ಚಿ ಇಟ್ಟುಕೊಂಡು ಕೂತಿದ್ದಾರೆ.

10. ಆದ್ದರಿಂದ, ಹಾಗೂ ಮೇಲ್ಕಂಡ ಎಲ್ಲಾ ಕಾರಣಗಳಿಂದ, ಕೆಳಗಿನ ಷರತ್ತುಗಳಿಗೆ ನಾನು ಬದ್ಧನಿರುತ್ತೇನೆ. ಅಕ್ಕುವಿನ ಪಾಸ್‌ಪೋರ್ಟ್ ಮಾತ್ರ ಬಿಡುಗಡೆಯಾಗಲಿ. ನನ್ನದೂ ಭವ್ಯಶ್ರೀಯದೂ ಜಾಮೀನಾಗಿ ತಮ್ಮ ದೇವರ ಬಳಿಯೇ ಇರಲಿ. ಸೆಪ್ಟೆಂಬರಿನಲ್ಲಿ ನಾನು ಬಸ್ಸಿನ ಹಿಂದಿನ ಸೀಟಿನಲ್ಲಿ ಎರಡೂ ಕುಕ್ಕರುಗಳನ್ನು ತೊಡೆಯ ಮೇಲಿಟ್ಟುಕೊಂಡು, ಉದುರುವ ಎಲೆಗಳ ನಡುವೆ, ವಿಜಯಾ ಅತ್ತಿಗೆ ಕೊಟ್ಟ ಹೂವಿನ ಟೋಪಿ ಹಾಕಿಕೊಂಡು, ಎಲ್ಲಾ ಊರುಗಳನ್ನೂ ಮಜವಾಗಿ ನೋಡುತ್ತೇನೆ. ಅಕ್ಕು ಮುಂಚೆ ಹೋಗಿ ನೋಡಿದ್ದನ್ನು ನನಗೂ ಹೇಳಕೂಡದೆಂದು ಅವಳಿಗೆ ತಾಕೀತು ಮಾಡುತ್ತೇನೆ. ಉಚ್ಚೆ ಹೊಯ್ಯುವ ಹುಡುಗನ ಮುಂದೆ ಗ್ರೂಪ್ ಫೋಟೋಗೆ ಮಧ್ಯದಲ್ಲಿ ನಿಲ್ಲಲೂ ನನ್ನ ಒಪ್ಪಿಗೆ ಇದೆ.

11. ತಮ್ಮ ಕಚೇರಿಯಲ್ಲಿ ಅರ್ಜಿ ಬಂದರೆ ಮೊದಲು "ಪರಿಶೀಲನೆಯಲ್ಲಿದೆ" ಎಂದು ಬರೆದು ಬದಿಗಿಡುವ ಪದ್ಧತಿಯನ್ನು ತಾವೇ ನಗುತ್ತಾ ವಿವರಿಸಿದ್ದೀರಿ. ಶೆಡ್ಡುಗಳು ಕಾಯುತ್ತವೆ. ಈ ಅರ್ಜಿಯನ್ನು ಆ ಟ್ರೇಗೆ ಹಾಕಬಾರದಾಗಿ ಬೇಡಿಕೊಳ್ಳುತ್ತೇನೆ.

ಇಂತಿ ತಮ್ಮ,
ಎದುರಾಡಿ ಅಭ್ಯಾಸವಿಲ್ಲದ ವಿಶ್ವಾಸಿ,
(ಸಹಿ)
ಪುರುಷೋತ್ತಮ ಕೋಟ್ಯಾನ್

ಲಗತ್ತುಗಳು:
ಅ) ಕ್ಯಾಲೆಂಡರಿನ ಮೇ ತಿಂಗಳ ಹಾಳೆ. ವಸಂತ ಎಂದು ಭವ್ಯಶ್ರೀ ಕೆಂಪು ಪೆನ್ನಿನಲ್ಲಿ ಬರೆದಿದ್ದಾಳೆ. ಜೊತೆಗೆ ಭೂಗೋಳದ ಚಿತ್ರವನ್ನೂ ಬರೆದು ಮೇಲೆ "ಫಾರ್ ಅಂಕಲ್" ಎಂದು ನಮೂದಿಸಿದ್ದಾಳೆ. ಮನ್ನಿಸುವುದು.
ಆ) ಮೂರು ಮೂಲೆಯ ಲೇಸ್, ಒಂದು. ಇದು ಲಕೋಟೆಯಲ್ಲಿಲ್ಲ. ಈ ಅರ್ಜಿ ತಂದವರ ಕೈಚೀಲದಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದೆ. ನೋಡಿ ವಾಪಸು ಕೊಡುವುದು.

ವಿಶೇಷ ಸೂಚನೆ: ಈ ಅರ್ಜಿ ತಂದವಳು ಅಕ್ಕುವೇ. ಲಕೋಟೆಯಲ್ಲಿರುವುದು ಸಮಿತಿಯ ಲೆಕ್ಕಪತ್ರವೆಂದು ಅವಳಿಗೆ ಹೇಳಿದ್ದೇನೆ. ಆನ್‌ಝ್ಯಾಕ್ ಡೇ ರಜೆಗೆ ತಾನೇ ಮೆಲ್ಬರ್ನಿಗೆ ಟಿಕೆಟ್ ಬುಕ್ ಮಾಡಿಕೊಂಡಿದ್ದಾಳೆ, "ಅಣ್ಣನ ಹತ್ತಿರ ನಾನೇ ಕೇಳ್ತೇನೆ, ನೀವು ನಡುವೆ ಬರ್ಬೇಡಿ" ಎಂದು. ಎರಡು ದಿನದಿಂದ ಸಿಂಕಿನ ಮುಂದೆ ನಿಂತು ಕೇಳುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ. ಆದರೆ ನನಗೆ ಅವಳು ಗೊತ್ತು. ತಮ್ಮ ಮುಖ ಕಂಡದ್ದೇ ಅವಳಿಗೆ ಬೊಂಬಾಯಿಯ ಮನಿಯಾರ್ಡರುಗಳೆಲ್ಲ ನೆನಪಾಗುತ್ತವೆ. ಅತ್ತಿಗೆ ಕಾಫಿ ಕೊಟ್ಟರೆ ಅಲ್ಲಿಗೆ ಮುಗಿಯಿತು. "ಎಂತ ಇಲ್ಲ ಅಣ್ಣ, ಸುಮ್ಮನೆ ನೋಡಿ ಹೋಗುವ ಅಂತ ಬಂದೆ" ಎಂದು ಲೋಟ ತೊಳೆದಿಟ್ಟು ವಾಪಸು ಬರುತ್ತಾಳೆ.

ಆದಕಾರಣ ಕೊನೆಯದಾಗಿ ಕೋರುವುದೇನೆಂದರೆ, ಮೊದಲು ಪಾಸ್‌ಪೋರ್ಟ್, ಆಮೇಲೆ ಕಾಫಿ.