ಇಂಟರ್‌ವಲ್‌ವರೆಗಿನ ಅಪ್ಪ

ನಮ್ಮ ಮನೆಯವರಷ್ಟು ಒಳ್ಳೆಯ ಅಪ್ಪ ಮಂಡ್ಯ, ಮದ್ದೂರು, ಮಳವಳ್ಳಿ ಮೂರು ತಾಲ್ಲೂಕು ಜಾಲಾಡಿದರೂ ಸಿಗುವುದಿಲ್ಲ. ಆದರೆ ಒಂದು ಮಾತು. ಇಂಟರ್‌ವಲ್‌ವರೆಗೆ ಮಾತ್ರ! ಇಂಟರ್‌ವಲ್ ಆದ ಮೇಲೆ ಅವರನ್ನು ಅಪ್ಪ ಎನ್ನಬೇಕೋ, ಬಾಗಿಲಿಗೆ ಜಡಿದ ಬೀಗ ಎನ್ನಬೇಕೋ ನನಗೇ ತಿಳಿಯುತ್ತಿರಲಿಲ್ಲ.

ನಗಬೇಡಿ. ನಾನು ಓದಿರುವುದು ನಾಲ್ಕನೇ ಕ್ಲಾಸು. ಬರೆಯುವುದೆಂದರೆ ರಾಗಿ ಬೀಸಿದ್ದಕ್ಕಿಂತ ಹೆಚ್ಚು ತೋಳು ನೋಯುತ್ತದೆ. ಆದರೂ ಕೂತಿದ್ದೇನೆ, ಯಾಕೆಂದರೆ ನಾನು ಅಜ್ಜಿಯಾಗಿದ್ದೇನೆ! ಮಂಡ್ಯದ ಗುತ್ತಲಿನಲ್ಲಿ ನನ್ನ ಮೊಮ್ಮಗಳು ಹುಟ್ಟಿದ್ದಾಳೆ. ಹಾಲು ಹಾಕುವವನಿಗೆ ಹೇಳಿದೆ, ಮೀಟರ್ ನೋಡಲು ಬಂದವನಿಗೆ ಹೇಳಿದೆ, ಬೇಲಿ ಹಾರಿ ಬಂದ ಪಕ್ಕದ ಮನೆಯ ಎಮ್ಮೆಗೂ ಹೇಳಿದೆ. ಇನ್ನು ಉಳಿದಿರುವುದು ನೀವೇ.

ಮೊಮ್ಮಗಳ ಕಥೆ ಹೇಳಬೇಕಾದರೆ ಅವಳ ತಾತನ ಕಥೆ ಹೇಳಬೇಕು. ತಾತನ ಕಥೆಗೆ ಟೆಂಟಿನಿಂದಲೇ ಶುರು ಮಾಡಬೇಕು.

ಆಗ ಮದ್ದೂರಿನಲ್ಲಿ ಒಂದು ಟೆಂಟ್ ಸಿನಿಮಾ. ಮಳವಳ್ಳಿ ರಸ್ತೆಯಲ್ಲಿ ನಾಲ್ಕು ಮೈಲಿ ಆಚೆ, ನನ್ನ ತವರೂರಿನಲ್ಲಿ ಇನ್ನೊಂದು. ಇಬ್ಬರು ಮಾಲೀಕರು ಸೇರಿ ತರಿಸುತ್ತಿದ್ದದ್ದು ಮಾತ್ರ ಒಂದೇ ಪಿಕ್ಚರು. ಮದ್ದೂರಿನಲ್ಲಿ ಅರ್ಧ ಮುಗಿದ ಕೂಡಲೇ ಆ ರೀಲುಗಳನ್ನು ತಗಡಿನ ಪೆಟ್ಟಿಗೆಗೆ ತುಂಬಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಲ್ಲಿ ಬಿಗಿದು, ನಮ್ಮೂರಿಗೆ ತಂದು ಕೊಡಬೇಕು. ಮತ್ತೆ ಮದ್ದೂರಿಗೆ ಹೋಗಿ ಉಳಿದರ್ಧ ತರಬೇಕು. ಆ ಸೈಕಲ್ ತುಳಿಯುತ್ತಿದ್ದವರೇ ನಮ್ಮ ಯಜಮಾನರು. ಇಪ್ಪತ್ತೆರಡು ವಯಸ್ಸು, ಕಬ್ಬಿನ ಗರಿಯ ಹಾಗೆ ತೆಳ್ಳಗೆ.

ನಮ್ಮೂರಿನ ಟೆಂಟಿನಲ್ಲಿ ಹೆಂಗಸರೆಲ್ಲ ನೆಲದ ಮೇಲೆ ಕೂತು ಕಾಯುತ್ತಿದ್ದೆವು. ದೂರದಿಂದ ಸೈಕಲ್ ಬೆಲ್ಲು. ಆಮೇಲೆ ಇವರ ಕೂಗು.

“ಸೆಕೆಂಡಾಫು ಬಂತೂ!”

“ತಡ ಆಯ್ತು ಕಣ್ಲಾ! ಅಲ್ಲಿ ಈರೋಯಿನ್ ಒಳೆ ದಂಡೆ ಮ್ಯಾಲೆ ನಿಂತವಳೆ, ನೀನ್ ಎಲ್ ಎಲೆ ಅಡ್ಕೆ ಆಕಂತಾ ಕುಂತಿದ್ದೆ?” ಎಂದು ನನ್ನ ಸೋದರತ್ತೆ ಬೈಯುತ್ತಿದ್ದಳು. ಅವರು ಹಲ್ಲು ಬಿಟ್ಟು, ಪೆಟ್ಟಿಗೆ ಇಳಿಸಿ, ಮೊದಲರ್ಧದ ರೀಲು ಎತ್ತಿಕೊಂಡು ಮದ್ದೂರಿನ ಎರಡನೇ ಆಟಕ್ಕೆ ಓಡುತ್ತಿದ್ದರು. ಹೀಗೆ ಓಡುವವರನ್ನು ನೋಡಿ ನೋಡಿಯೇ ನಾನು ಅವರನ್ನು ಮದುವೆಯಾದದ್ದು. ಅದು ಬೇರೆ ಕಥೆ, ಅದರಲ್ಲಿ ಹಾಡು ಕಡಿಮೆ.

ಅವರಿಗೆ ಅಪ್ಪ ಇರಲಿಲ್ಲ. ನಡೆಯಲು ಕಲಿಯುವ ಮುಂಚೆಯೇ ತೀರಿಕೊಂಡಿದ್ದರಂತೆ, ಒಂದು ಫೋಟೋ ಕೂಡ ಇಲ್ಲ. ಹಾಗಾಗಿ ಅಪ್ಪ ಎಂದರೆ ಹೇಗಿರುತ್ತಾನೆ ಎನ್ನುವುದನ್ನು ಅವರು ಮದ್ದೂರಿನ ಟೆಂಟಿನ ಪರದೆಯ ಮೇಲೆ ನೋಡಿ ಕಲಿತರು. ಬೇರೆಯವರಿಗೆ ಜನ್ಮಕ್ಕೊಬ್ಬ ಅಪ್ಪ. ಇವರಿಗೆ ಶುಕ್ರವಾರಕ್ಕೊಬ್ಬ! ಅದೂ ಎಂಥ ಅಪ್ಪಂದಿರು! ಸುಳ್ಳು ಹೇಳದವರು, ಮಗಳ ಕಾಲಿಗೆ ಮುಳ್ಳು ಚುಚ್ಚಿದರೆ ತಾವು ಕುಂಟುವವರು, ಹೆಗಲ ಮೇಲೆ ಶಾಲು, ಬಾಯಿ ತೆರೆದರೆ ನೀತಿ. ನಮ್ಮವರು ಅದನ್ನೆಲ್ಲ ಮನಸ್ಸಿನಲ್ಲಿ ಮಡಿಚಿಟ್ಟುಕೊಂಡರು.

ನಮಗೆ ಮಗಳು ಹುಟ್ಟಿದಳು ನೋಡಿ, ಮಡಿಚಿಟ್ಟದ್ದೆಲ್ಲ ಬಿಚ್ಚಿಕೊಂಡಿತು!

ಮೊದಲು ಶಾಲು ಬಂತು. ಮದ್ದೂರಿನ ಏಪ್ರಿಲ್ ಬಿಸಿಲಿನಲ್ಲಿ ಉಣ್ಣೆ ಶಾಲು ಹೊದ್ದು ಗದ್ದೆಗೆ ನೀರು ಕಟ್ಟುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಅಂಥವರ ಜೊತೆ ಸಂಸಾರ ಮಾಡಿದ್ದೇನೆ. ಆಮೇಲೆ ಕನ್ನಡಕ ಬೇಕೆಂದು ಮಂಡ್ಯಕ್ಕೆ ಹೊರಟರು. ಅಂಗಡಿಯವನು ಕಣ್ಣು ಪರೀಕ್ಷೆ ಮಾಡಿ ತಲೆ ಕೆರೆದುಕೊಂಡ.

“ಕಣ್ಣು ನೆಟ್ಟಗವೆಯಲ್ಲಯ್ಯ, ಕನ್ನಡ್ಕ ಯಾತುಕ್ಕೆ?”

“ಆಕ್ಕಳಾಕಲ್ಲ ಸಾ, ತೆಗ್ಯಾಕೆ!” ಅಂದರು ಇವರು.

ದುಃಖವಾದಾಗ ಅಪ್ಪನಾದವನು ಕನ್ನಡಕ ತೆಗೆದು, ಶಾಲಿನ ತುದಿಯಲ್ಲಿ ಒರೆಸಿಕೊಳ್ಳಬೇಕಂತೆ. ಬರೀ ಗಾಜು ಹಾಕಿಸಿಕೊಂಡು ಬಂದರು. ಮಗಳು ಹಲ್ಲು ಬಿದ್ದಿತು ಎಂದರೆ ತೆಗೆಯುವುದು, ಒರೆಸುವುದು. ಸ್ಕೂಲಿನಲ್ಲಿ ಹಾಡು ಹೇಳಿದಳೆಂದರೆ ತೆಗೆಯುವುದು, ಒರೆಸುವುದು. ಕಣ್ಣಲ್ಲಿ ಮಾತ್ರ ಒಂದು ತೊಟ್ಟೂ ಇರುತ್ತಿರಲಿಲ್ಲ. ಆ ಗಾಜು ಒರೆಸಿ ಒರೆಸಿಯೇ ಸವೆದುಹೋಯಿತು.

ಇನ್ನೊಂದು ಪೇಚು ಮೆಟ್ಟಿಲಿನದು. ದೊಡ್ಡ ಅಪ್ಪಂದಿರೆಲ್ಲ ಮಹಡಿಯಿಂದ ಗಂಭೀರವಾಗಿ ಇಳಿದು ಬರುತ್ತಾರಲ್ಲ? ನಮ್ಮದು ನಾಡಹೆಂಚಿನ ಮನೆ, ಮಹಡಿ ಎಲ್ಲಿಂದ ತರೋಣ? ಅಟ್ಟ ಇತ್ತು, ಅಟ್ಟಕ್ಕೊಂದು ಬಿದಿರಿನ ಏಣಿ ಇತ್ತು. ಮಗಳು ಮಾರ್ಕ್ಸ್ ಕಾರ್ಡ್ ತರುವ ದಿನ ಇವರು ಮಧ್ಯಾಹ್ನವೇ ಅಟ್ಟ ಹತ್ತಿ, ಒಣಗಿಸಿಟ್ಟ ತೆಂಗಿನಕಾಯಿಗಳ ಮಧ್ಯೆ ಶಾಲು ಹೊದ್ದು ಕಾದು ಕೂರುತ್ತಿದ್ದರು. ಅವಳು ಬಂದು “ಅಪ್ಪಾ” ಎಂದ ಮೇಲೆ ಇಳಿಯುವುದು. ಆದರೆ ಏಣಿ ಇಳಿಯುವಾಗ ಮುಖ ಗೋಡೆಗೆ, ಬೆನ್ನು ಜನಕ್ಕೆ! ಗಂಭೀರವಾದ ಅಪ್ಪನಲ್ಲಿ ನಮಗೆ ಮೊದಲು ಕಾಣುತ್ತಿದ್ದದ್ದು ಯಾವ ಭಾಗ ಎಂದು ನಾನು ಬರೆಯಲಾರೆ. ತಲೆ ತುಂಬ ಜೇಡರ ಬಲೆ ಬೇರೆ.

ಮಗಳ ಮೇಲೆ ಒಂದು ದಿನವೂ ಕೈ ಎತ್ತಲಿಲ್ಲ. ಅವಳು ತಪ್ಪು ಮಾಡಿದರೆ ತಾವೇ ಉಪವಾಸ ಕೂರುತ್ತಿದ್ದರು, ಅದೂ ಪರದೆಯ ಪಾಠವೇ. ಒಂದು ಸಲ ಅವಳು ಮೋಟಾರಿನ ಸ್ಟಾರ್ಟರ್ ಕೆಡಿಸಿದ್ದಕ್ಕೆ “ಇಂದು ಈ ಮನೆಯಲ್ಲಿ ಅನ್ನ ಮುಟ್ಟುವುದಿಲ್ಲ” ಎಂದು ಕೂತರು. ಸಿನಿಮಾ ಮಾತಾಡುವಾಗ ಅವರ ಬಾಯಿಂದ ನಮ್ಮ ಕಡೆಯ ಭಾಷೆ ಓಡಿಹೋಗಿ ಪುಸ್ತಕದ ಭಾಷೆ ಬಂದು ಕೂರುತ್ತದೆ. ನಾನು ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಕೊಟ್ಟೆ. ಅರ್ಧ ಗಂಟೆ ಆಯಿತು.

“ಲೇ, ಅನ್ನ ಮುಟ್ಟಲ್ಲ ಅಂದೆ. ಮುದ್ದೆ ಬ್ಯಾಡ ಅಂದ್ನಾ?”

ಇಂಥ ಅಪ್ಪನ ಕೈಯಲ್ಲಿ ಬೆಳೆದ ಮಗಳು ಚೆನ್ನಾಗಿ ಓದಿದಳು, ಮಳವಳ್ಳಿಯಲ್ಲಿ ಟೀಚರಾದಳು. ಒಂದು ಭಾನುವಾರ ಬಂದು, ಜೊತೆಯಲ್ಲಿ ಪಾಠ ಮಾಡುವ ಗುತ್ತಲಿನ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಹುಡುಗನಲ್ಲಿ ಒಂದು ಹುಳುಕಿಲ್ಲ. ಮನೆಯವರು ನಮ್ಮಂಥವರೇ. ನಾನಂತೂ ಆಗಲೇ ಮನಸ್ಸಿನಲ್ಲಿ ಚಪ್ಪರ ಹಾಕಿಬಿಟ್ಟಿದ್ದೆ. ಆದರೆ ಇವರ ಮುಖ ಕಪ್ಪಿಟ್ಟಿತು. ಕಾರಣ ಏನು ಗೊತ್ತೇ? ಅಪ್ಪನಾದವನು ಊರೂರು ಅಲೆದು, ಚಪ್ಪಲಿ ಸವೆಸಿ ಮಗಳಿಗೆ ಗಂಡು ಹುಡುಕಬೇಕು! ಅದಕ್ಕೆಂದೇ ಆರು ತಿಂಗಳ ಮುಂಚೆ ಹೊಸ ಚಪ್ಪಲಿ ತಂದಿಟ್ಟಿದ್ದರು. ಮಗಳು ತಾನೇ ಹುಡುಕಿಕೊಂಡು ಆ ಚಪ್ಪಲಿ ಸವೆಸುವ ಭಾಗ್ಯವನ್ನು ಕಿತ್ತುಕೊಂಡಳಲ್ಲ!

ಶಾಲು ಸರಿಮಾಡಿಕೊಂಡು ಎದ್ದರು. ಬಾಗಿಲ ಕಡೆ ಬೆರಳು ಚಾಚಿದರು.

“ಹೋಗು! ಈ ಹೊಸ್ತಿಲು ದಾಟಿ ಹೋಗು! ಇಂದಿನಿಂದ ಈ ಬಾಗಿಲು ನಿನ್ನ ಪಾಲಿಗೆ ಮುಚ್ಚಿತು. ನಾನೂ ನಿನ್ನ ಮನೆಯ ಹೊಸ್ತಿಲು ತುಳಿಯುವವನಲ್ಲ!”

ಹೇಳಿ ಬೆನ್ನು ತಿರುಗಿಸಿ ನಿಂತರು. ಸತ್ಯ ಹೇಳುತ್ತೇನೆ, ನನಗೂ ಮಗಳಿಗೂ ಆಗ ಹೆದರಿಕೆಯೇ ಆಗಲಿಲ್ಲ. ಮುಂದೇನು ಎನ್ನುವುದು ನಮಗೆ ಗೊತ್ತಲ್ಲ!

“ಅವ್ವ, ಯಾವಾಗ ಕರಗ್ತಾರೆ?” ಎಂದು ಅವಳು ಕಿವಿಯಲ್ಲಿ ಕೇಳಿದಳು.

“ತಡಿ ಮಗ, ಬೆನ್ ತಿರುಗ್ಸವ್ರೆ. ಈಗ ಕನ್ನಡ್ಕ ತೆಗೀತಾರೆ, ಆಮ್ಯಾಕೆ ‘ಮಗೂ’ ಅಂತಾರೆ.”

ಕಾದೆವು. ಒಲೆಯ ಮೇಲಿನ ಅನ್ನ ಸೀದು ಹೋಯಿತು. ‘ಮಗೂ’ ಬರಲಿಲ್ಲ. ಸಂಜೆ ಮಳವಳ್ಳಿ ಬಸ್ಸಿಗೆ ಮಗಳು ಹೊರಟೇ ಹೋದಳು. ವೈದ್ಯನಾಥಪುರದ ದೇವಸ್ಥಾನದಲ್ಲಿ ಮದುವೆಯಾಯಿತು, ಧಾರೆ ಎರೆಯಲು ನನ್ನ ತಮ್ಮ ನಿಂತ. ಇವರು ಮನೆಯಲ್ಲಿ ಹೊಸ ಪಂಚೆ ಉಟ್ಟು, ಗೋಡೆ ನೋಡುತ್ತಾ ಕೂತಿದ್ದರು. ಎರಡು ವರ್ಷ. ನಾನು ಬಸ್ಸು ಹತ್ತಿ ಹೋಗಿ ಬರುತ್ತಿದ್ದೆ. ಬಂದ ಕೂಡಲೇ “ಬಸ್ಸು ರಶ್ಶಾ?” ಎಂದು ಕೇಳುತ್ತಿದ್ದರು. ಮಗಳ ಮಾತು ಎತ್ತದೆ ಗುದ್ದಲಿ ಹಿಡಿದು ಗದ್ದೆಗೆ ಹೊರಡುತ್ತಿದ್ದರು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು. ಬಾಗಿಲು ಮುಚ್ಚಿದೆಯಲ್ಲ! ಗುತ್ತಲಿನಲ್ಲೇ ಆಯಿತು. ಹೆಣ್ಣು ಮಗು ಎಂದು ಫೋನು ಬಂದಾಗ ನಾನು ಅಂಗಳಕ್ಕೆ ಓಡಿ ಕೂಗಿದೆ. ಇವರು ಕೈಯಲ್ಲಿದ್ದ ಗುದ್ದಲಿ ಒರಗಿಸಿ ಅಟ್ಟ ಹತ್ತಿದರು. ಬಹಳ ಹೊತ್ತಿನ ಮೇಲೆ ಬೆನ್ನು ತೋರಿಸುತ್ತಾ ಇಳಿದರು.

“ಏನ್ ಮಾಡ್ತಿದ್ರಿ ಮ್ಯಾಲೆ?”

“ಇಲಿ ಸದ್ದು ಕಣೆ.”

ಯಾವ ಇಲಿ ಕೊಬ್ಬರಿ ಎಣ್ಣೆ ಹಚ್ಚುತ್ತದೆ? ಅಟ್ಟದಲ್ಲಿ ಮಗಳ ತೊಟ್ಟಿಲಿತ್ತು. ಇಳಿದವರ ಕೈ ತುಂಬ ಎಣ್ಣೆ!

ನಾಮಕರಣಕ್ಕೆ ನಮ್ಮ ಕಡೆ ತೊಟ್ಟಿಲು ತವರಿನಿಂದ ಬರಬೇಕು. ಆ ತೊಟ್ಟಿಲಿಗೆ ಹಾಕಿಯೇ ಮಗುವಿನ ಹೆಸರು ಕರೆಯುವುದು. ಮಗಳು ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದಳು.

“ಅವ್ವ, ನಾನ್ ಮಲ್ಗಿದ್ ತೊಟ್ಲೇ ಬರ್ಬೇಕು, ಅಪ್ಪನೇ ತರ್ಬೇಕು. ಅಲ್ಲೀಗಂಟ ನನ್ ಮಗೀಗೆ ಎಸ್ರೂ ಬ್ಯಾಡ, ಏನೂ ಬ್ಯಾಡ.”

ಕೇಳಿದಿರಾ? ಅಪ್ಪನಿಗೆ ತಕ್ಕ ಮಗಳು! ಇವರಿಬ್ಬರ ಹಟದ ಮಧ್ಯೆ ನನ್ನ ಚಿನ್ನ ಹೆಸರಿಲ್ಲದೆ ಮಲಗಬೇಕೆ? ನಾಮಕರಣಕ್ಕೆ ಇನ್ನು ಎರಡೇ ದಿನ. ಅವರೆಕಾಯಿ ಸುಲಿಯುತ್ತಾ ಕೂತಿದ್ದವಳು ಮೊರ ಕುಕ್ಕಿ ಕೇಳಿಯೇಬಿಟ್ಟೆ.

“ಅಲ್ಲಾ, ಆ ಪಿಚ್ಚರ್ ಅಪ್ಪದೀರ್ ತರ ಶಾಲು ಒದ್ದಿದ್ದಾಯ್ತು, ಕನ್ನಡ್ಕ ತೆಗ್ದಿದ್ದಾಯ್ತು, ಮಗಳ್ನ ಓಡ್ಸಿದ್ದೂ ಆಯ್ತು. ಅವ್ರು ಆಮ್ಯಾಕೆ ಮಾಡ್ತಾರಲ್ಲ, ಅದ್ನ ಮಾತ್ರ ಯಾಕ್ ಮಾಡಲ್ಲ ನೀವು?”

“ಆಮ್ಯಾಕೆ ಏನ್ ಮಾಡ್ತಾರೆ?”

“ಏನಂದ್ರೆ? ಓಗಿ ಮಗಳ್ನ ಕರ್ಕೊಂಬತ್ತಾರೆ!”

“ಯಾವಾಗ?”

“ಇಂಟ್ರುವಲ್ ಆದ್ಮ್ಯಾಕೆ!”

ಅವರು ಒಂದು ಅವರೆಕಾಯಿ ಎತ್ತಿಕೊಂಡು ಸುಲಿದರು. ಆಮೇಲೆ ಮೆಲ್ಲಗೆ, “ಇಂಟ್ರುವಲ್ ಆದ್ಮ್ಯಾಕೆ ನಾನ್ ಯಾವತ್ತು ಒಳ್ಗಿದ್ದೆ?” ಅಂದರು.

ಹೌದಲ್ಲ! ಮದ್ದೂರಿನಲ್ಲಿ ಉಳಿದರ್ಧ ಓಡುವಾಗ ಇವರು ಸೈಕಲ್ಲಿನ ಮೇಲೆ. ನಮ್ಮೂರಿನಲ್ಲಿ ಓಡುವಾಗಲೂ ಸೈಕಲ್ಲಿನ ಮೇಲೆ! ಟೀವಿ ಬಂದ ಮೇಲಾದರೂ ನೋಡಿದರೇ? ಇಲ್ಲ. ಅರ್ಧ ಸಿನಿಮಾ ಆದ ಕೂಡಲೇ ಅವರ ಕಾಲು ತಾನಾಗಿ ಎದ್ದು ಹೊರಗೆ ಹೊರಡುತ್ತಿತ್ತು. ಎಲೆ ಅಡಿಕೆಗೆ ಎಂದುಕೊಂಡಿದ್ದೆ ನಾನು. ಊರಿಗೆಲ್ಲ ಸೆಕೆಂಡಾಫು ಹೊತ್ತು ತಂದ ಮನುಷ್ಯ ಒಂದು ಸೆಕೆಂಡಾಫನ್ನೂ ನೋಡಿಲ್ಲ!

“ಮತ್ತೆ, ಆಮ್ಯಾಕೆ ಏನಿರ್ತದೆ ಅನ್ಕಂಡಿದ್ರಿ?”

“ಫೈಟಿಂಗು ಅನ್ಕಂಡಿದ್ದೆ.”

ಅವತ್ತು ಮೊರದ ತುಂಬ ಇದ್ದ ಅವರೆಕಾಯಿ ಮುಗಿಯುವ ತನಕ ನಾನು ನೋಡಿದ ಅಷ್ಟೂ ಅಪ್ಪಂದಿರ ಉಳಿದ ಕಥೆ ಹೇಳಿದೆ. ಮಳೆಯಲ್ಲಿ ಮಗಳ ಮನೆ ಹುಡುಕಿಕೊಂಡು ಹೋದವನು, ಗುಡಿಯ ಮೆಟ್ಟಿಲ ಮೇಲೆ ಅವಳ ಕೈ ಹಿಡಿದವನು, ಎಲ್ಲರನ್ನೂ.

“ಅಪ್ಪನೇ ಓಯ್ತಾನಾ? ಮೊದ್ಲು?”

“ಅಪ್ಪನೇ.”

“ಮರ್ವಾದೆ?”

“ಟೆಂಟ್ನಾಗಿದ್ದೋರೆಲ್ಲ ಗೊಳೋ ಅಂತಿದ್ವಿ. ಮರ್ವಾದೆ ಯಾರ್ಗೆ ನೆಪ್ಪಿತ್ತು?”

“ಓಗದೇ ಇದ್ದೋರು?”

“ಅವ್ರು ಗ್ವಾಡೆ ಮ್ಯಾಲೆ ಫೋಟೋ ಆಗ್ತಾರೆ. ಮಗಳು ಬಂದು ಫೋಟೋಗೆ ಊವ ಆಕಿ ಅಳ್ತಾಳೆ.”

ಇವರು ಎದ್ದು ಅಟ್ಟ ಹತ್ತಿದರು. ಈ ಸಲ ಇಲಿ ಎನ್ನಲಿಲ್ಲ.

ನಾಮಕರಣದ ಬೆಳಿಗ್ಗೆ ತೊಟ್ಟಿಲನ್ನು ಹಳೇ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದರು. ಎಡಕ್ಕೆರಡು ಸುತ್ತು, ಬಲಕ್ಕೆರಡು ಸುತ್ತು, ಸೀಟಿನ ಕೆಳಗೆ ಗಂಟು. ರೀಲಿನ ಪೆಟ್ಟಿಗೆ ಬಿಗಿಯುತ್ತಿದ್ದ ಹಾಗೆಯೇ! ಮದ್ದೂರು ಬಸ್‌ಸ್ಟ್ಯಾಂಡಿನವರೆಗೆ ತಳ್ಳಿಕೊಂಡು ಬಂದು, ಸೈಕಲ್ಲನ್ನು ಹೂವಿನವಳ ಹತ್ತಿರ ನಿಲ್ಲಿಸಿ, ತೊಟ್ಟಿಲು ಹೊತ್ತು ಬಸ್ಸು ಹತ್ತಿದರು. ಕಂಡಕ್ಟರ್ ರೇಗಿದ.

“ಯಜಮಾನ್ರೇ, ಜನುಕ್ಕೆ ಜಾಗಿಲ್ಲ, ಏನ್ರೀ ಅದು ಲಗೇಜು?”

“ಸೆಕೆಂಡಾಫು ಕಣಪ್ಪ” ಎಂದು ಇವರು ತೊಟ್ಟಿಲನ್ನು ತೊಡೆಯ ಮೇಲೆ ಏರಿಸಿಕೊಂಡರು. ಅವನು ನನ್ನ ಮುಖ ನೋಡಿದ. ನಾನು ಕಿಟಕಿಯ ಆಚೆ ಕಬ್ಬಿನ ಗದ್ದೆ ನೋಡಿದೆ.

ಗುತ್ತಲಿನ ಮನೆಯ ಮುಂದೆ ಬಾಗಿಲಿಗೆ ತೋರಣ, ಒಳಗೆ ನೆಂಟರ ಗಲಾಟೆ. ಇವರು ಹೊಸ್ತಿಲ ಈಚೆ ತೊಟ್ಟಿಲು ಹೊತ್ತು ನಿಂತುಬಿಟ್ಟರು. ದಾರಿಯುದ್ದಕ್ಕೂ ಏನೋ ಡೈಲಾಗು ಗುನುಗುತ್ತಾ ಬಂದಿದ್ದರು. ಈಗ ಬಾಯಿ ತೆರೆದರೆ ಬರೀ ಕೆಮ್ಮು ಬಂತು. ಮಗಳು ಮಗುವನ್ನೆತ್ತಿಕೊಂಡು ಒಳಗಿನಿಂದ ಬಂದಳು. ಅಪ್ಪನನ್ನು ನೋಡಿದಳು, ತೊಟ್ಟಿಲನ್ನು ನೋಡಿದಳು. ಚಿಕ್ಕವಳಿದ್ದಾಗ ಆ ಟೆಂಟಿನ ಕಥೆಯನ್ನು ನಾನು ಅವಳಿಗೆ ಎಷ್ಟು ಸಲ ಹೇಳಿದ್ದೆನೋ!

“ತಡ ಆಯ್ತು ಕಣಪ್ಪ” ಅಂದಳು.

ಇವರು ತೊಟ್ಟಿಲನ್ನು ಒಂದು ತೋಳಿಗೆ ಒರಗಿಸಿಕೊಂಡು ಕನ್ನಡಕ ತೆಗೆದರು. ಶಾಲಿನ ತುದಿ ಹಿಡಿದರು. ನಾನು ಈ ಆಟವನ್ನು ಸಾವಿರ ಸಲ ನೋಡಿದ್ದೇನೆ. ಆದರೆ ಆವತ್ತು ಗಾಜು ಒಣಗಿಯೇ ಇತ್ತು, ಒರೆಸಬೇಕಾದದ್ದು ಕಣ್ಣಾಗಿತ್ತು. ಎರಡು ಕೈಯಲ್ಲೂ ತೊಟ್ಟಿಲಿನ ಭಾರ, ಕನ್ನಡಕ, ಶಾಲು. ಯಾವುದನ್ನೂ ಬಿಡಲಾಗದೆ ಹಾಗೆಯೇ ಅಳುತ್ತಾ ಹೊಸ್ತಿಲು ದಾಟಿದರು.

ತೊಟ್ಟಿಲು ತೂಗುಹಾಕಿದೆವು, ಹೆಸರು ಕರೆದೆವು. ಊಟ ಮುಗಿಯಿತು, ನೆಂಟರು ಹೊರಟರು. ಬಿಸಿಲು ಇಳಿಯತೊಡಗಿತು. ನಮ್ಮವರು ಯಾರ ಮನೆಯಲ್ಲಾದರೂ ಅರ್ಧ ಗಂಟೆಯ ಮೇಲೆ ಕೂತವರಲ್ಲ, ಕಾಲು ತಾನಾಗಿ ಏಳುತ್ತದೆ. ಹಾಗಾಗಿ ನಾನೇ ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ಅವರು ತೊಟ್ಟಿಲ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಹಗ್ಗ ಹಿಡಿದು, ಕಣ್ಣು ಮಿಟುಕಿಸದೆ ಒಳಗೆ ನೋಡುತ್ತಿದ್ದರು. ಶಾಲು ಮಗುವಿನ ಮೇಲಿತ್ತು.

“ಏಳಿ, ಮದ್ದೂರು ಬಸ್ಸು ಓಯ್ತದೆ” ಅಂದೆ.

“ಶ್! ಕೂತ್ಕಳೆ” ಅಂದರು, ತಲೆ ಎತ್ತದೆ. “ಪೂರ್ತಿ ನೋಡ್ಕಂಡೇ ಓಗನ.”