ನಿಲ್ಲು ಎಂದದ್ದು ಯಾರಿಗೆ?

ಇಳಕಲ್ಲ, 1988

ಮಾನ್ಯ ಡೀಬಗರ್ ಅವರೇ,

ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಪ್ರೋಗ್ರಾಮುಗಳ ತಪ್ಪು ಹುಡುಕುವ ತಮ್ಮ ದಿವ್ಯ ಚರಣಗಳಿಗೆ, ಚರಣಗಳಿಲ್ಲದಿದ್ದರೆ ಕೀಲಿಮಣೆಗೆ, ನೇಕಾರರ ಸಂಘದ ವಿನ್ಯಾಸಗಾರನಾದ ನಾನು ಅಡ್ಡಬಿದ್ದು, ಊರೆಲ್ಲ ಓದಲೆಂದೇ ಬರೆದುಕೊಳ್ಳುವ ಅರಿಕೆ.

ನನ್ನ ಮಗಳು ರತ್ನವ್ವಳ ಮದುವೆ ಬರುವ ಸೋಮವಾರ. ಅವಳ ಸೀರೆಯನ್ನು ಕಂಪ್ಯೂಟರಿಗೆ ಜೋಡಿಸಿದ ಮಗ್ಗದಲ್ಲೇ ನೇಯಿಸುತ್ತೇನೆಂದು ಹಟ ಹಿಡಿದವನು ನಾನೇ. ಸೆರಗು ಮುಗಿದು ಒಡಲು ಶುರುವಾಗಬೇಕಾದಲ್ಲಿ ಮಗ್ಗ ಸೆರಗನ್ನೇ ಮುಂದುವರಿಸಿದಾಗ, ತಮ್ಮ ಕೈಕೆಳಗೆ ದುಡಿಯಲೆಂದು ನಾನು ಬರೆದಿಟ್ಟಿದ್ದ ಸ್ಕ್ರಿಪ್ಟ್ ಎಂಬ ಸಣ್ಣ ಸಹಾಯಕನನ್ನು ಎಳೆ ಎಣಿಸಲು ಹಚ್ಚಿ, ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಮಗ್ಗಕ್ಕೆ ನಿಲ್ಲು ಎಂದೆ. ತಾವು ಎಂಥ ನ್ಯಾಯವಂತರು! ಓಡುತ್ತಿದ್ದ ಮಗ್ಗವನ್ನು ಬಿಟ್ಟು, ತಪ್ಪು ಹುಡುಕುತ್ತಿದ್ದ ಬಡಪಾಯಿ ಸ್ಕ್ರಿಪ್ಟನ್ನೇ ಕೊಂದು, ಅದು ಯಾವ ಸಾಲಿನಲ್ಲಿ ಸತ್ತಿತೆಂದು ಪರದೆಯ ತುಂಬ ಪಂಚನಾಮೆ ಬರೆದಿರಿ. ನಿಲ್ಲು ಅಂದರೆ ಸಾಯಬೇಡವೆಂದು ಸ್ಕ್ರಿಪ್ಟಿಗೆ ಬುದ್ಧಿ ಕಲಿಸಿದೆ. ಎರಡನೆಯ ಸಲ ಅದು ನನ್ನ ಅಪ್ಪಣೆಯನ್ನು ಗುಳುಂ ಎಂದು ನುಂಗಿ, ತಮಗೂ ತಿಳಿಸದೆ, ಎಣಿಸುತ್ತ ಕೂತಿತು. ಮಗ್ಗ ಹನ್ನೊಂದನೆಯ ಮೊಳದ ಸೆರಗು ನೇಯುತ್ತಿತ್ತು.

ತಾವು ನನ್ನ ಹೆಂಡತಿ ಸತ್ಯವ್ವಳ ಬಳಿ ಆರು ತಿಂಗಳು ಪಾಠಕ್ಕೆ ಬರಬೇಕೆಂದು ಪ್ರಾರ್ಥನೆ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಆದರೂ ಅಂಗಳದಲ್ಲಿ ನಾಲ್ವರು ಗಂಡಸರಿದ್ದಾಗ ಆಕೆ "ನಿಂದರ್ರಿ" ಅಂದರೆ ಇಪ್ಪತ್ತೆರಡು ವರ್ಷಗಳಿಂದ ನಾನೊಬ್ಬನೇ ನಿಲ್ಲುತ್ತ ಬಂದಿದ್ದೇನೆ. ಅಂದು ಮಾತ್ರ, ತಮ್ಮ ಸಹವಾಸದ ಫಲವಾಗಿ, ಆಕೆ ಕೂಗಿದ್ದು ಮಗ್ಗಕ್ಕೆ ಅಂದುಕೊಂಡು ಕೀಲಿ ಕುಟ್ಟುತ್ತಲೇ ಇದ್ದೆ. ಕಡೆಗೆ ಆಕೆ ಓಣಿಗೆಲ್ಲ ಕೇಳುವಂತೆ, "ಶಿವಸಂಗಪ್ಪಾ, ನಿನಗ ಹೇಳಾಕತ್ತೇನಿ! ಅದನ್ನ ಕುಟ್ಟೂದು ಬಿಟ್ಟು ಫ್ಯೂಜ್ ಕೀಳು!" ಎಂದಳು. ಕಿತ್ತೆ. ಮಗ್ಗ ನಿಂತಿತು. ಮಗಳ ಮುಖ ನೋಡಿ ನನಗೆ ಅಳುವೇ ಬಂತು.

ಆದಕಾರಣ ಮಾನ್ಯರು ಇನ್ನು ಮುಂದೆ ನಿಲ್ಲು ಎಂದವನ ಮುಖ ನೋಡಿ, ಹೇಳಿದ್ದು ಯಾರಿಗೆಂದು ತಿಳಿದು, ಅವರನ್ನೇ ನಿಲ್ಲಿಸಬೇಕು. ಕೈಬಿಡುವಿದ್ದರೆ ಆ ಹನ್ನೊಂದು ಮೊಳವನ್ನೂ ಬಿಚ್ಚಿ, ರೇಷ್ಮೆಯನ್ನು ಲಡಿ ಸುತ್ತಿ ಕಳಿಸಿಕೊಡಬೇಕು.

ಹೇಳಿದ ಕೂಡಲೇ ನಿಲ್ಲುವ, ತಮ್ಮ ವಿಶ್ವಾಸಿ,
ಶಿವಸಂಗಪ್ಪ

ತಾ.ಕ.: ಉಳಿದ ರೇಷ್ಮೆ ಹಿಡಿದು ಸತ್ಯವ್ವ ಕೈಯಿಂದ ನೇಯುವ ಹಳೆಯ ಕುಣಿಮಗ್ಗಕ್ಕೆ ಇಳಿದಿದ್ದಾಳೆ, ಸೋಮವಾರಕ್ಕೆ ಸೀರೆ ಆಗುತ್ತದೆ. ನಿನ್ನೆ ಮತ್ತೆ ನನ್ನನ್ನು ಹೆಸರು ಹಿಡಿದು ಕರೆದಳು, ಈ ಸಲ ಸಿಟ್ಟಿಲ್ಲದೆ. ತಮ್ಮಿಂದ ನನಗಾದ ಉಪಕಾರ ಇದೊಂದೇ. ಇದನ್ನೂ ತಾವು ಬೇಕೆಂದು ಮಾಡಿದ್ದಲ್ಲ.