ಎಮ್ಮೆಯ ಪಾಲಿನ ಗಂಜಿ

ಅಕ್ಕಿಗೆ ಊರೆಲ್ಲ ಪರದಾಡುತ್ತಿದ್ದ ಅರವತ್ತಾರನೇ ಇಸವಿಯಲ್ಲಿ, ಇನ್ನು ಮುಂದೆ ನಮ್ಮ ಮನೆಯಿಂದ ಒಂದಗುಳೂ ಹೊರಗೆ ಹೋಗಕೂಡದೆಂದು ನಾನು ರಾಜಾಜ್ಞೆ ಹೊರಡಿಸಿದೆ. ಕೋಣಂದೂರು ಪೇಟೆಯಲ್ಲಿ ನನ್ನದು ಹೊಲಿಗೆ ಅಂಗಡಿ. ಎಷ್ಟೋ ಜನರಿಗೆ ಟೋಪಿ ಹಾಕಿದವನು ನಾನು. ಅದೂ ಅವರವರ ಬಟ್ಟೆಯಲ್ಲಿ ಉಳಿದ ಚೂರುಗಳಿಂದಲೇ. ಅಂಥವನಿಗೆ ಅಡುಗೆಮನೆ ಯಾವ ಲೆಕ್ಕ?

"ಹೊರಗೆ ಹೋಗೋದು ಎಂತ ಇದೆ?" ಎಂದಳು ಹೆಂಡತಿ ವಿಶಾಲಮ್ಮ. "ಉಳಿದ ಅನ್ನ, ಸಿಪ್ಪೆ, ಗಂಜಿ ಎಲ್ಲ ಪಕ್ಕದ್ಮನೆ ಗುತ್ಯಮ್ಮನ ಎಮ್ಮೆಗೆ ಹೋಗ್ತದೆ."

"ಎಮ್ಮೆ ಹೆಸ್ರು ನಮ್ಮ ರೇಷನ್ ಕಾರ್ಡಲ್ಲಿ ಇದ್ಯಾ?"

ವಿಶಾಲಮ್ಮ ಹಿತ್ತಿಲ ಬಾಗಿಲಲ್ಲಿದ್ದ ಕಲಗಚ್ಚಿನ ಬಕೀಟನ್ನು ತೊಳೆದು ಬೋರಲು ಹಾಕಿದಳು.

ಉಳಿದ ಅನ್ನ ಸಂಡಿಗೆಯಾಯಿತು. ಬಾಳೆಕಾಯಿ ಸಿಪ್ಪೆ ಪಲ್ಯವಾಯಿತು. ಸೌತೆಕಾಯಿ ಸಿಪ್ಪೆ ಚಟ್ನಿಯಾಯಿತು. ಅದನ್ನು ನಾನು ಮತ್ತೆ ಬಡಿಸಿಕೊಂಡದ್ದು ರುಚಿಗಲ್ಲ, ಮರ್ಯಾದೆಗೆ. ಅನ್ನ ಬಸಿದ ಗಂಜಿಯನ್ನು ಮಾತ್ರ ಎಷ್ಟು ಕುಡಿದರೂ ಮುಗಿಸಲಾಗಲಿಲ್ಲ. ಅದಕ್ಕೂ ದಾರಿ ಹೊಳೆಯಿತು. ಗಿರಾಕಿಗಳ ಅಂಗಿಗೆ ಹಾಕಿದರಾಯಿತು, ಗರಿಗರಿ ನಿಲ್ಲುತ್ತವೆ.

"ಕುಡಿಯೋಕೆ ಅಂತ ಅದಕ್ಕೆ ಉಪ್ಪು ಹಾಕಿದೀನಿ," ಎಂದಳು ವಿಶಾಲಮ್ಮ.

"ಅಂಗಿಗೆ ನಾಲಗೆ ಇರ್ತದಾ?"

ಅಂಗಿಗೆ ಇರಲಿಲ್ಲ. ಎಮ್ಮೆಗೆ ಇತ್ತು.

ನನ್ನ ಗಿರಾಕಿ ಮಂಜುನಾಥಪ್ಪನವರು ಮಗನಿಗೆ ಹೆಣ್ಣು ನೋಡಲು ಮರುದಿನ ಸಾಗರಕ್ಕೆ ಹೊರಟಿದ್ದರು. ಅವರ ಹೊಸ ಬಿಳಿ ಅಂಗಿಯನ್ನು ಗಂಜಿಯಲ್ಲಿ ಅದ್ದಿ, ಹಿತ್ತಿಲ ತಂತಿಗೆ ಹಾಕಿ ಊಟಕ್ಕೆ ಕೂತೆ. ಕೈತೊಳೆಯಲು ಬಂದಾಗ ಗುತ್ಯಮ್ಮನ ಎಮ್ಮೆ ಅರೆಗಣ್ಣು ಮುಚ್ಚಿಕೊಂಡು ಅಂಗಿಯ ಬಲತೋಳನ್ನು ಅಗಿಯುತ್ತಿತ್ತು. ಎಡತೋಳು ಆಗಲೇ ಸ್ವರ್ಗಸ್ಥವಾಗಿತ್ತು. ನಾನು ಕಾಲರು ಹಿಡಿದು ಎಳೆದೆ. ಎಮ್ಮೆಯೂ ಎಳೆಯಿತು. ಕೊನೆಗೆ ನನ್ನ ಪಾಲಿಗೆ ಬಂದದ್ದು ಕಾಲರು ಮತ್ತು ಒಂದು ಗುಂಡಿ.

ಅದನ್ನೇ ಹಿಡಿದುಕೊಂಡು ಗುತ್ಯಮ್ಮನ ಮನೆಗೆ ಜಗಳಕ್ಕೆ ಹೋದೆ. ಆಕೆ ಕಾಲರನ್ನು ಮೂಸಿ ನೋಡಿದರು.

"ವಾರದಿಂದ ನಿಮ್ಮ ಬೇಲಿ ಹತ್ರ ನಿಂತು ಕೂಗ್ತಾ ಇತ್ತು ಟೇಲರಣ್ಣ. ದಿನಾ ಬಕೀಟಲ್ಲಿ ಇಡೋರು ಇವತ್ತು ತಂತಿ ಮೇಲೆ ಇಟ್ರಿ. ಪಾಪ, ಅದಕ್ಕೆ ಎಂತ ಗೊತ್ತಾಗ್ತದೆ? ಹೊಟ್ಟೆ ಕೆಟ್ರೆ ಮಾತ್ರ ನಾನು ನಿಮ್ಮನ್ನೇ ಕೇಳೋದು ಮಾರಾಯ್ರೆ."

ಕಾಲರು ಹಿಡಿದುಕೊಂಡೇ ವಾಪಸು ಬಂದೆ. ನಾನು ಹೇಳುವ ಮೊದಲೇ ವಿಶಾಲಮ್ಮ ಮಡಕೆಯಲ್ಲಿದ್ದ ಗಂಜಿಯನ್ನೆಲ್ಲ ಬಕೀಟಿಗೆ ಸುರಿದು ಬೇಲಿಯ ಹತ್ತಿರ ಇಟ್ಟಿದ್ದಳು.

ಸಂಜೆ ಮಂಜುನಾಥಪ್ಪನವರು ಬಂದರು. ಹಬ್ಬಕ್ಕೆಂದು ನನಗೆ ಹೊಲಿದುಕೊಂಡಿದ್ದ ಅಂಗಿಯನ್ನು ಬಾಯಿ ಬಿಡದೆ ತಂದುಕೊಟ್ಟೆ. ಅವರು ಅದನ್ನು ತೊಟ್ಟು ಕನ್ನಡಿಯ ಎದುರು ಹಿಂದೆ ಮುಂದೆ ತಿರುಗಿದರು.

"ಹೊಲಿಗೆ ಚೆನ್ನಾಗಿದೆ. ಸ್ವಲ್ಪ ಸಡಿಲ, ಪರ್ವಾಗಿಲ್ಲ. ಆದ್ರೆ ಗಂಜಿ ಹಾಕ್ಲಿಲ್ಲ ಅಲ್ದಾ?"

ನಾನು ನೆಪ ಹುಡುಕುವಷ್ಟರಲ್ಲಿ ಒಳಗಿನಿಂದ ವಿಶಾಲಮ್ಮನ ದನಿ ಬಂತು.

"ಗಂಜಿ ಇನ್ನು ಎಮ್ಮೆಗೆ ಮಾತ್ರ ಅಣ್ಣ. ಇವ್ರ ಹತ್ರ ಇನ್ನು ಒಂದೇ ಅಂಗಿ ಇರೋದು."